ಸೋರುವ ಎ.ಸಿ ಮತ್ತು ಅಪ್ಪನ ನೀಲಿ ನೀರು

ಅಕ್ಟೋಬರ್ ಮೊದಲ ವಾರದ ಶನಿವಾರ. ರಾತ್ರಿ ಒಂದೂವರೆಗೆ ಫೋನ್ ಬಡಿದುಕೊಂಡಿತು. ಮುಳಶಿಯಿಂದ ಗೆಳೆಯ.

‘ಮತ್ತೆ ಸೋರ್ತಾ ಇದೆ. ಹಾಸಿಗೆ ಪೂರ್ತಿ ಒದ್ದೆ. ಗಂಡ, ಹೆಂಡತಿ, ಮಗು ಎದ್ದು ಹೋಗಿ ಕಾರಿನಲ್ಲಿ ಕೂತಿದ್ದಾರೆ.’

‘ಮಳೆ ಜೋರಾ?’ ಎಂದೆ ನಿದ್ದೆಗಣ್ಣಿನಲ್ಲಿ.

ಅವನು ಒಂದು ಕ್ಷಣ ಸುಮ್ಮನಿದ್ದ. ‘ಮಳೆಯೇ ಇಲ್ಲ ಮಾರಾಯ. ನಕ್ಷತ್ರ ಕಾಣ್ತಾ ಇವೆ’ ಎಂದ.

ನನ್ನ ನಿದ್ದೆ ಹಾರಿಹೋಯಿತು. ಯಾಕೆಂದರೆ ಆ ಚಾವಣಿಯ ಸೋರಿಕೆಯನ್ನು ಜೂನ್‌ನಲ್ಲಿ ‘ಸರಿ’ ಮಾಡಿದವನು ನಾನೇ.

ಪುಣೆಗೆ ಬಂದು ನನಗೆ ಹದಿನಾಲ್ಕು ವರ್ಷ. ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹುಬ್ಬಳ್ಳಿಯ ನಾನು, ಪುತ್ತೂರಿನ ಈ ಗೆಳೆಯ, ತುಮಕೂರಿನ ಇನ್ನೊಬ್ಬ, ಮೂವರೂ ಒಂದು ಕಾಲದ ರೂಂಮೇಟ್‌ಗಳು. 2022ರಲ್ಲಿ ಮೂವರೂ ಸೇರಿ ಹಳೆಯದೊಂದು ಕ್ಯಾಂಪರ್ ಟ್ರೇಲರ್ ಕೊಂಡೆವು. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಶೌಚಾಲಯ ಇರುವ ಚಕ್ರದ ಮೇಲಿನ ಕೋಣೆ. ಊರೂರು ಸುತ್ತಬೇಕೆಂಬ ಆಸೆಯಿಂದ ಕೊಂಡದ್ದು. ಎರಡು ಪ್ರವಾಸವಾದ ಮೇಲೆ ಘಾಟ್ ರಸ್ತೆಯಲ್ಲಿ ಅದನ್ನು ಎಳೆಯುವುದು ಎಷ್ಟು ಕಷ್ಟ ಎಂದು ತಿಳಿಯಿತು. ಕೊನೆಗೆ ಮುಳಶಿ ಜಲಾಶಯದ ಕಡೆ ಪರಿಚಯದವರ ಹೊಲದಲ್ಲಿ ನಿಲ್ಲಿಸಿ, ವಾರಾಂತ್ಯಕ್ಕೆ ಬಾಡಿಗೆಗೆ ಕೊಡತೊಡಗಿದೆವು.

ಮೊದಮೊದಲು ಅದು ನಮ್ಮ ಕೈಖರ್ಚಿನ ದುಡ್ಡು. ಆದರೆ ಕಳೆದ ವರ್ಷ ಪುತ್ತೂರಿನ ಗೆಳೆಯನ ಕೆಲಸ ಹೋಯಿತು. ‘ಬೇರೆ ಸಿಗುವವರೆಗೆ ಬಾಡಿಗೆ ಪೂರ್ತಿ ನೀನೇ ಇಟ್ಟುಕೊ’ ಎಂದೆವು. ಅವನ ಮನೆ ಸಾಲದ ಕಂತಿನ ಅರ್ಧ ಆ ಟ್ರೇಲರ್‌ನಿಂದಲೇ ಬರುತ್ತಿತ್ತು. ದೀಪಾವಳಿ ವಾರ ಪೂರ್ತಿ ಬುಕ್ ಆಗಿತ್ತು. ಅಂಥ ಹೊತ್ತಿನಲ್ಲಿ ಈ ಫೋನ್.

ಬೆಳಿಗ್ಗೆ ಹೋಗಿ ನೋಡಿದಾಗ ನನ್ನನ್ನು ಹೆದರಿಸಿದ್ದು ಹಾಸಿಗೆಯಲ್ಲ. ಹಾಸಿಗೆಯ ತಲೆಯ ಬಳಿ ಇದ್ದ ಮೊಬೈಲ್ ಚಾರ್ಜಿಂಗ್ ಪಾಯಿಂಟ್. ಅದರ ಮೂರು ತೂತುಗಳಲ್ಲೂ ನೀರು ಹೊಳೆಯುತ್ತಿತ್ತು. ಆ ಹಾಸಿಗೆಯ ಮೇಲೆ ನಾಲ್ಕು ವರ್ಷದ ಮಗು ಮಲಗಿತ್ತು.

ಚಾವಣಿಯ ಮೇಲೊಂದು ಪೆಟ್ಟಿಗೆ

ಮನೆಯ ಸ್ಪ್ಲಿಟ್ ಎ.ಸಿ ನಮಗೆಲ್ಲ ಗೊತ್ತು. ಗೋಡೆಗೆ ಒಂದು ಭಾಗ, ಹೊರಗೆ ಒಂದು ಭಾಗ, ನಡುವೆ ತಾಮ್ರದ ಕೊಳವೆ, ನೀರು ಹೋಗಲು ಒಂದು ಪೈಪ್. ಟ್ರೇಲರ್‌ನ ಎ.ಸಿ ಹಾಗಲ್ಲ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಚಾವಣಿಯ ಮೇಲೆ ಕೂತಿರುತ್ತದೆ. ಈ ವಿನ್ಯಾಸ ಅಮೆರಿಕದ ಕ್ಯಾಂಪರ್‌ಗಳಿಂದ ಬಂದದ್ದು. ಅಲ್ಲಿ ಚಾವಣಿಯಲ್ಲಿ ಸುಮಾರು 14 ಇಂಚು ಉದ್ದ, 14 ಇಂಚು ಅಗಲದ ಚೌಕ ತೂತು ಕೊರೆಯುವುದು ವಾಡಿಕೆ. ತೂತಿನ ಮೇಲೆ ಪೆಟ್ಟಿಗೆ, ಕೆಳಗೆ ಕೋಣೆಯೊಳಗೆ ಗಾಳಿ ಬರುವ ಜಾಲರಿ. ಎರಡನ್ನೂ ಹಿಡಿದಿಡುವುದು ನಾಲ್ಕು ಉದ್ದನೆಯ ಬೋಲ್ಟ್‌ಗಳು. ಚಾವಣಿ ಸ್ಯಾಂಡ್‌ವಿಚ್‌ನ ಹೂರಣದಂತೆ ನಡುವೆ ಸಿಕ್ಕಿಕೊಂಡಿರುತ್ತದೆ.

ನೀರು ಒಳಗೆ ಬಾರದಂತೆ ತಡೆಯುವುದು ಪೆಟ್ಟಿಗೆ ಮತ್ತು ಚಾವಣಿಯ ನಡುವೆ ಇರುವ ಚೌಕಾಕಾರದ ಫೋಮ್ ಗ್ಯಾಸ್ಕೆಟ್ ಮಾತ್ರ. ಹೊಸದರಲ್ಲಿ ಸುಮಾರು ಒಂದು ಇಂಚು ದಪ್ಪ ಇರುತ್ತದೆ. ಬೋಲ್ಟ್ ಬಿಗಿದಾಗ ಅರ್ಧ ಇಂಚಿಗೆ ಕುಗ್ಗಿ, ಸ್ಪ್ರಿಂಗ್‌ನಂತೆ ಎರಡೂ ಕಡೆ ಒತ್ತಿ ಹಿಡಿಯುತ್ತದೆ. ಸುಮಾರು 40 ಕಿಲೊ ತೂಕದ ಯಂತ್ರ ವರ್ಷಗಟ್ಟಲೆ ಅದರ ಮೇಲೆ ನಡುಗುತ್ತಾ ಕೂತರೆ ಫೋಮ್ ಚಪ್ಪಟೆಯಾಗುತ್ತದೆ, ಬೋಲ್ಟ್‌ಗಳು ಸಡಿಲಾಗುತ್ತವೆ.

ಜೂನ್‌ನ ಮೊದಲ ಮಳೆಗೆ ಜಾಲರಿಯಿಂದ ನೀರು ತೊಟ್ಟಿಕ್ಕಿದಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಏಣಿ ಹಾಕಿ ಹತ್ತಿದೆ. ಎರಡು ಟ್ಯೂಬ್ ಸಿಲಿಕೋನ್ ತೆಗೆದುಕೊಂಡು, ಪೆಟ್ಟಿಗೆಯ ತಳ ಚಾವಣಿಗೆ ತಾಗುವಲ್ಲಿ ಸುತ್ತಲೂ, ಒಂದು ಇರುವೆಯೂ ನುಸುಳದಂತೆ ಮೆತ್ತಿದೆ. ತಾಮ್ಹಿಣಿ ಘಾಟ್‌ನ ಪಕ್ಕದ ಆ ಸೀಮೆಯಲ್ಲಿ ಜುಲೈ, ಆಗಸ್ಟ್ ಎಂದರೆ ಆಕಾಶ ತೂತಾದಂತೆ. ಆದರೂ ಹನಿ ಬೀಳಲಿಲ್ಲ. ‘ಎಂಜಿನಿಯರ್ ಕೈ!’ ಎಂದು ಗೆಳೆಯರು ಬೆನ್ನು ತಟ್ಟಿದರು.

ಈಗ ಆಕಾಶ ನಿರ್ಮಲವಾಗಿರುವಾಗ ಸೋರುತ್ತಿದೆ!

ಭಾನುವಾರವೇ ಎ.ಸಿ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆವು. ಮನೆಯ ಎ.ಸಿಗಳಲ್ಲಿ ಪಳಗಿದವನು. ಡ್ರೇನ್ ಪೈಪ್ ಎಲ್ಲಿ ಎಂದು ಅರ್ಧ ಗಂಟೆ ಹುಡುಕಿದ. ಇಲ್ಲದ ಪೈಪ್ ಸಿಗಲಿಲ್ಲ. ‘ಒಳಗೇ ಏನೋ ಒಡೆದಿದೆ, ಹೊಸದು ಹಾಕಿಬಿಡಿ’ ಎಂದ. ವಿಚಾರಿಸಿದರೆ ಹೊಸ ಪೆಟ್ಟಿಗೆಗೆ ಲಕ್ಷಕ್ಕೂ ಮೇಲೆ, ಬರಲು ಐದಾರು ವಾರ. ದೀಪಾವಳಿಗೆ ಇದ್ದದ್ದು ಮೂರೇ ವಾರ. ಪುತ್ತೂರಿನ ಗೆಳೆಯ ಏನೂ ಮಾತಾಡಲಿಲ್ಲ. ಒದ್ದೆ ಹಾಸಿಗೆಯನ್ನು ಬಿಸಿಲಿಗೆ ಎಳೆಯುತ್ತಿದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

‘ಅದು ಯಾವ ನೀರು?’

ಅಪ್ಪ ನನ್ನ ಜೊತೆಗಿದ್ದಾರೆ. ಅಮ್ಮ ಹೋದ ಮೇಲೆ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ ಕರೆತಂದೆ. ಒಂಬತ್ತನೇ ಮಹಡಿಯ ಫ್ಲ್ಯಾಟ್‌ನಲ್ಲಿ ಅವರ ದಿನ ಪೇಪರ್, ಟಿ.ವಿ, ಬಾಲ್ಕನಿಯಲ್ಲಿ ಮುಗಿಯುತ್ತದೆ. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಬೋಗಿ ದುರಸ್ತಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಇದನ್ನು ನಾನು ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಬರೆದಿದ್ದೆನೇ ಹೊರತು, ಅಲ್ಲಿ ಅವರು ನಿಜಕ್ಕೂ ಏನು ಮಾಡುತ್ತಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಆ ಭಾನುವಾರ ರಾತ್ರಿ ಊಟಕ್ಕೆ ಕೂತಾಗ ನನ್ನ ಮುಖ ನೋಡಿ, ‘ಏನಾತು?’ ಎಂದರು. ಹೇಳಿದೆ. ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು.

‘ಅದು ಯಾವ ನೀರು?’

‘ಯಾವ ನೀರು ಅಂದ್ರೆ?’

‘ಮ್ಯಾಲಿನ ನೀರೋ, ಮಷಿನಿನ ನೀರೋ?’

ನನ್ನ ಬಳಿ ಉತ್ತರ ಇರಲಿಲ್ಲ. ಅವರೇ ಹೇಳಿದರು. ಈಗಿನ ಎ.ಸಿ ಬೋಗಿಗಳಲ್ಲೂ ಎ.ಸಿ ಇರುವುದು ಚಾವಣಿಯಲ್ಲೇ, ಎರಡೂ ತುದಿಗೆ ಒಂದೊಂದು. ಬೋಗಿ ದುರಸ್ತಿಗೆ ಬಂದಾಗ ‘ನೀರು ಸೋರುತ್ತದೆ’ ಎಂದಷ್ಟೇ ಚೀಟಿಯಲ್ಲಿ ಬರೆದಿರುತ್ತದೆ. ಅದು ಮಳೆ ನೀರೋ, ಎ.ಸಿ ತಾನೇ ತಯಾರಿಸಿದ ನೀರೋ, ಟ್ಯಾಂಕಿನ ನೀರೋ ತಿಳಿಯದೆ ಯಾರೂ ಪಾನಾ ಎತ್ತುವಂತಿಲ್ಲ. ದುರಸ್ತಿ ಮುಗಿದ ಬೋಗಿಗೆ ಮೇಲಿನಿಂದ ನೀರು ಸುರಿಸಿ, ಒಳಗೆ ನಿಂತು ನೋಡಿದ ಮೇಲೆಯೇ ಹೊರಗೆ ಬಿಡುವುದು.

‘ನೀ ನೀರು ಎಲ್ಲಿ ಬಿತ್ತು ಅನ್ನೂದು ನೋಡೀದಿ. ಎಲ್ಲಿಂದ ಬಂತು ಅನ್ನೂದು ನೋಡಿಲ್ಲ’ ಎಂದು ಕೈ ತೊಳೆಯಲು ಎದ್ದರು. ಸಿಂಕಿನ ಬಳಿ ನಿಂತು, ‘ನನ್ನ ಕರಕೊಂಡು ಹೋಗು’ ಎಂದರು. ಪುಣೆಗೆ ಬಂದ ಎರಡು ವರ್ಷದಲ್ಲಿ ಅವರು ತಾವಾಗಿ ಎಲ್ಲಿಗಾದರೂ ಹೋಗೋಣ ಎಂದದ್ದು ಅದೇ ಮೊದಲು.

ಎರಡು ದಿನದ ಪರೀಕ್ಷೆ

ರಜೆ ಹಾಕಿ ಮೂವರು ಗೆಳೆಯರೂ ಹೋದೆವು. ಅಪ್ಪನಿಗೆ ಮೊಣಕಾಲು ನೋವು, ಏಣಿ ಹತ್ತುವಂತಿಲ್ಲ. ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಮೊದಲು ತರಿಸಿದ್ದು ಸಿಲಿಕೋನ್ ಅಲ್ಲ. ಹತ್ತು ಅಡಿ ಪಾರದರ್ಶಕ ಪೈಪ್, ಹಳೆ ಪೇಪರ್, ಬಟ್ಟೆಗೆ ಹಾಕುವ ನೀಲಿ.

ಪೈಪಿನಲ್ಲಿ ನೀರು ತುಂಬಿಸಿ, ಗೌಂಡಿಗಳು ಮಟ್ಟ ನೋಡುವ ಹಾಗೆ ಟ್ರೇಲರ್‌ನ ಎರಡೂ ಬದಿಗೆ ಹಿಡಿಸಿದರು. ಎಡಭಾಗ ಎರಡು ಇಂಚು ಕೆಳಗಿತ್ತು. ಮಳೆಗಾಲದ ಕೆಸರಿನಲ್ಲಿ ಆ ಬದಿಯ ಊರುಗಂಬ ಹೂತುಹೋಗಿತ್ತು. ಹಾಸಿಗೆ ಇರುವುದೂ ಅದೇ ಬದಿಗೆ. ‘ಇದನ್ನ ಈಗ ಸರಿ ಮಾಡಬ್ಯಾಡ. ರೋಗ ಹ್ಯಾಂಗ ಐತೋ ಹಾಂಗ ಮದ್ಲ ನೋಡೂಣು’ ಎಂದರು.

ಮೊದಲ ದಿನ ಮಷಿನಿನ ನೀರಿನ ಪರೀಕ್ಷೆ. ತೇವದ ಗಾಳಿ ತಣ್ಣನೆಯ ಕಾಯಿಲ್‌ಗೆ ತಾಗಿದಾಗ, ಐಸ್ ನೀರಿನ ಲೋಟದ ಹೊರಮೈ ಬೆವರುವಂತೆ ನೀರಿಳಿಯುತ್ತದೆ. ಗಾಳಿ ತುಂಬ ತೇವವಿದ್ದರೆ ಗಂಟೆಗೆ ಒಂದು ಲೀಟರ್ ಆಸುಪಾಸು ಇಳಿದರೂ ಅಚ್ಚರಿಯಿಲ್ಲ. ಚಾವಣಿ ಎ.ಸಿಯಲ್ಲಿ ಈ ನೀರು ತಳದ ತಟ್ಟೆಗೆ ಬಿದ್ದು, ಅದರ ತೂತುಗಳಿಂದ ಹೊರಗೆ ಚಾವಣಿಯ ಮೇಲೆ ಹರಿದು ಹೋಗಬೇಕು. ಅದಕ್ಕೇ ಪ್ರತ್ಯೇಕ ಪೈಪ್ ಇರುವುದಿಲ್ಲ. ಬಾಗಿಲು ಅರ್ಧ ತೆರೆದಿಟ್ಟು, ತೇವದ ಗಾಳಿ ಬರುವಂತೆ ಮಾಡಿ ಎ.ಸಿ ಹಚ್ಚಿದೆವು. ಹಾಸಿಗೆ ತೆಗೆದು ಹಲಗೆಯ ಮೇಲೆ ಪೇಪರ್ ಹಾಸಿದೆವು. ಚಾರ್ಜಿಂಗ್ ಪಾಯಿಂಟ್‌ನ ಲೈನ್ ಮೊದಲೇ ಕಳಚಿದ್ದೆವು.

ಒಂದು ಗಂಟೆ. ಏನಿಲ್ಲ. ಎರಡು ಗಂಟೆ. ಏನಿಲ್ಲ. ಎರಡೂವರೆ ಗಂಟೆಗೆ ಜಾಲರಿಯ ಎಡಮೂಲೆಯಿಂದ ಒಂದು ಹನಿ ಪೇಪರ್ ಮೇಲೆ ಬಿತ್ತು. ಆಮೇಲೆ ನಿಲ್ಲಲಿಲ್ಲ.

‘ಈಗ ಬಂದ್ ಮಾಡಿ, ಪ್ಲಗ್ ಕಿತ್ತು, ಮ್ಯಾಲ ಹತ್ತು. ನೀ ಹಚ್ಚಿದ ಗೋಂದು ಎಡಕ್ಕ ನಾಕು ಬೆರಳು ಕತ್ತರಸು’ ಎಂದರು ಅಪ್ಪ.

ಚಾವಣಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಮೊಣಕಾಲೂರಿ, ಬ್ಲೇಡಿನಿಂದ ಸಿಲಿಕೋನ್ ಕತ್ತರಿಸಿದೆ. ಕತ್ತರಿಸಿದ ಸಂದಿನಿಂದ ತಣ್ಣನೆಯ ನೀರು ಬುಳಕ್ ಎಂದು ಚಿಮ್ಮಿ ನನ್ನ ಅಂಗಿ ತೋಯಿಸಿತು. ಒಂದು ಲೀಟರ್‌ಗೆ ಕಡಿಮೆ ಇರಲಿಲ್ಲ.

ಹೊರಗಿನ ನೀರು ಒಳಗೆ ಬಾರದಿರಲೆಂದು ನಾನು ಕಟ್ಟಿದ ಗೋಡೆ, ಒಳಗಿನ ನೀರು ಹೊರಗೆ ಹೋಗದಂತೆ ತಡೆದಿತ್ತು. ಜುಲೈ, ಆಗಸ್ಟ್‌ನ ತಂಪಿನಲ್ಲಿ ಯಾರೂ ಎ.ಸಿ ಹಾಕಿರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಅಕ್ಟೋಬರ್‌ನ ಸೆಕೆಗೆ ರಾತ್ರಿಯಿಡೀ ಎ.ಸಿ ಓಡಿದಾಗ ನೀರು ತಟ್ಟೆಯ ಕೆಳಗೆ ಕೆರೆಯಂತೆ ತುಂಬಿ, ಸಿಕ್ಕ ದಾರಿ ಹಿಡಿದಿತ್ತು. ಮೆಕ್ಯಾನಿಕ್ ಹೇಳಿದಂತೆ ಒಳಗೆ ಏನೂ ಒಡೆದಿರಲಿಲ್ಲ. ಮಗು ಮಲಗಿದ್ದ ಹಾಸಿಗೆಯನ್ನು ತೋಯಿಸಿದ್ದು ನನ್ನ ಎರಡು ಟ್ಯೂಬ್ ಸಿಲಿಕೋನ್. ಇದನ್ನು ಗೆಳೆಯರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆಯೊಳಗೆ ಸಿಲಿಕೋನ್ ಪೂರ್ತಿ ಕೆರೆದು ತೆಗೆದೆ. ಮತ್ತೆ ನಾಲ್ಕು ಗಂಟೆ ಎ.ಸಿ ಓಡಿಸಿದೆವು. ಒಂದು ಹನಿಯೂ ಇಲ್ಲ. ‘ಮುಗೀತಲ್ಲ!’ ಎಂದ ತುಮಕೂರಿನವನು.

‘ಅರ್ಧ ಮುಗೀತು. ಜೂನ್ ತಿಂಗಳಾಗ ಬಂದದ್ದು ಯಾವ ನೀರು?’ ಎಂದರು ಅಪ್ಪ.

ಎರಡನೆಯ ದಿನ ಎ.ಸಿ ಬಂದ್. ಬಕೆಟ್ ನೀರಿಗೆ ನೀಲಿ ಕದಡಿದೆವು. ನೀಲಿ ಯಾಕೆ? ಪೆಟ್ಟಿಗೆಯೊಳಗೆ ನಿನ್ನೆಯ ನೀರು ಉಳಿದಿರಬಹುದು. ಬಣ್ಣವಿಲ್ಲದ ಹನಿ ಬಿದ್ದರೆ ಅದು ಮಷಿನಿನದು, ನೀಲಿ ಹನಿ ಬಿದ್ದರೆ ಮೇಲಿನದು. ನೋಡಿದ ಕೂಡಲೇ ತಿಳಿಯುತ್ತದೆ.

ಸುರಿಯಲೂ ಒಂದು ಕ್ರಮ ಇತ್ತು. ಮೊದಲು ತಗ್ಗಿನ ಬದಿ. ಹತ್ತು ನಿಮಿಷ ಕಾಯುವುದು. ಆಮೇಲೆ ಮೇಲಿನ ಬದಿ. ಒಂದೇ ಸಲ ಎಲ್ಲ ಕಡೆ ಸುರಿದರೆ ನೀರು ಬಂದದ್ದು ಗೊತ್ತಾಗುತ್ತದೆ, ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಕಿಟಕಿ, ಗಾಳಿಕಿಂಡಿ, ಮೂಲೆಯ ಜೋಡಣೆ ಎಲ್ಲ ಆಯಿತು. ಒಣಗಿಯೇ ಇತ್ತು. ಕೊನೆಗೆ ಎ.ಸಿಯ ಹಿಂಬದಿಗೆ ಸುರಿದಾಗ ನೀರು ಹರಿದುಹೋಗದೆ ಅಲ್ಲೇ ನಿಂತಿತು. ಯಂತ್ರದ ಭಾರಕ್ಕೆ ಚಾವಣಿ ಅಲ್ಲಿ ತಟ್ಟೆಯಂತೆ ತಗ್ಗಾಗಿತ್ತು.

ಒಳಗೆ ಟಾರ್ಚ್ ಹಿಡಿದಿದ್ದ ಪುತ್ತೂರಿನ ಗೆಳೆಯ ಕೂಗಿದ: ‘ನೀಲಿ! ನೀಲಿ ಬಂತು!’

ಕುರ್ಚಿಯಲ್ಲಿದ್ದ ಅಪ್ಪನ ಮುಖದಲ್ಲಿ ಒಂದು ನಗು ಕಂಡಿತು. ಅಮ್ಮ ಹೋದ ಮೇಲೆ ಅಂಥ ನಗು ನಾನು ನೋಡಿರಲಿಲ್ಲ.

ಪೆಟ್ಟಿಗೆ ಎತ್ತಿದ ದಿನ

ಜಾಲರಿ ಬಿಚ್ಚಿ ಬೋಲ್ಟ್‌ಗಳಿಗೆ ಕೈ ಹಾಕಿದರೆ ಎರಡು ಬರಿಗೈಯಲ್ಲೇ ತಿರುಗಿದವು. ಫೋಮ್ ಸಂದಿನಲ್ಲಿ ಕಡ್ಡಿ ಹಾಕಿ ಅಳೆದರೆ ಕಾಲು ಇಂಚೂ ಇರಲಿಲ್ಲ. ಬರೀ ಸಡಿಲಾಗಿದ್ದರೆ ನಾಲ್ಕೂ ಬೋಲ್ಟ್ ಸಮನಾಗಿ ಬಿಗಿದರೆ ಸಾಕಿತ್ತು. ಆದರೆ ಜೀವ ಹೋದ ಫೋಮನ್ನು ಎಷ್ಟು ಬಿಗಿದರೂ ಅದು ಮರಳಿ ಒತ್ತುವುದಿಲ್ಲ. ಬದಲಿಸಲೇಬೇಕಿತ್ತು.

ಅಸಲಿ ಗ್ಯಾಸ್ಕೆಟ್ ತರಿಸಲು ಸಮಯ ಇರಲಿಲ್ಲ. ಭೋಸರಿಯ ಕೈಗಾರಿಕಾ ಪ್ರದೇಶದ ರಬ್ಬರ್ ಅಂಗಡಿಗಳನ್ನು ಸುತ್ತಿದೆವು. ಅಂಗಡಿಯವರು ತೋರಿಸಿದ ಮೊದಲ ಫೋಮ್ ಮೆತ್ತಗೆ, ಚೆನ್ನಾಗಿತ್ತು. ಅಪ್ಪ ಒಂದು ತುಂಡು ಕೇಳಿ, ಚಹಾದಂಗಡಿಯ ನೀರಿನ ಲೋಟದಲ್ಲಿ ಅದ್ದಿ, ಹಿಂಡಿದರು. ನೀರು ಸುರಿಯಿತು. ‘ಇದು ಸ್ಪಂಜು. ನೀರು ಕುಡೀತದ’ ಎಂದು ಪಕ್ಕಕ್ಕಿಟ್ಟರು. ನಮಗೆ ಬೇಕಾದದ್ದು ಗುಳ್ಳೆಗಳು ಒಂದಕ್ಕೊಂದು ಸೇರದ, ಮುಚ್ಚಿದ ಗುಳ್ಳೆಯ ಫೋಮ್. ಮೂರನೆಯ ಅಂಗಡಿಯಲ್ಲಿ ಇ.ಪಿ.ಡಿ.ಎಂ ರಬ್ಬರಿನ ಅಂಥ ಹಾಳೆ ಸಿಕ್ಕಿತು. ಅಂಗಡಿಯ ಮರಾಠಿ ಯಜಮಾನರಿಗೆ ಅಪ್ಪನ ಹುಬ್ಬಳ್ಳಿ ಮರಾಠಿ ಬಲು ಇಷ್ಟವಾಗಿ, ಇಬ್ಬರೂ ರೈಲು ಬೋಗಿಗಳ ಬಗ್ಗೆ ಅರ್ಧ ಗಂಟೆ ಹರಟಿದರು.

ಮರುದಿನ ಕರೆಂಟ್ ಪೂರ್ತಿ ತೆಗೆದು, ಒಳಗಿನ ವೈರ್ ಕನೆಕ್ಟರ್ ಬಿಡಿಸಿ, ಇಬ್ಬರು ಮೇಲೆ, ಒಬ್ಬ ಕೆಳಗೆ ನಿಂತು ಪೆಟ್ಟಿಗೆ ಎತ್ತಿದೆವು. ಹಳೆಯ ಫೋಮ್, ಸಿಲಿಕೋನ್‌ನ ಚೂರು ಎಲ್ಲವನ್ನೂ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿದೆವು. ತೂತಿನ ಅಂಚಿನ ಪ್ಲೈವುಡ್ ಒಂದು ಬದಿ ಕಪ್ಪಾಗಿ, ಚಾಕು ಚುಚ್ಚಿದರೆ ಬಿಸ್ಕತ್ತಿನಂತೆ ಉದುರಿತು. ಇನ್ನೊಂದು ಮಳೆಗಾಲ ಹೀಗೇ ಬಿಟ್ಟಿದ್ದರೆ 40 ಕಿಲೊದ ಯಂತ್ರ ಎಲ್ಲಿಗೆ ಬರುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಕೊಳೆತದ್ದನ್ನು ಕತ್ತರಿಸಿ, ಹೊಸ ಮರದ ಪಟ್ಟಿ ಕೊಟ್ಟು, ತೂತಿನ ಸುತ್ತಲೂ ಚೌಕಟ್ಟು ಹಾಕಿ ತಗ್ಗನ್ನು ಎತ್ತರಿಸಿದೆವು. ಅದಕ್ಕೇ ಒಂದು ದಿನ ಪೂರ್ತಿ ಹೋಯಿತು.

ಪೆಟ್ಟಿಗೆ ಮರಳಿ ಇಡುವಾಗ ಎಳೆದಾಡಬಾರದು, ಫೋಮ್ ಹರಿಯುತ್ತದೆ. ಎತ್ತಿ, ತೂತಿನ ನೇರಕ್ಕೆ ತಂದು, ಒಂದೇ ಸಲ ಕೂರಿಸಬೇಕು. ಬೋಲ್ಟ್ ಬಿಗಿಯುವಾಗ ಅಪ್ಪ ಕೊನೆಗೂ ಒಳಗೆ ಬಂದು ಹಲಗೆಯ ಮೇಲೆ ಕೂತರು. ‘ಮೂಲಿಗೆ ಮೂಲಿ. ಎರಡೆರಡು ಸುತ್ತು. ಜೋರು ಮಾಡಬ್ಯಾಡ’ ಎನ್ನುತ್ತಾ, ನಾನು ಒಂದೊಂದು ಬಾರಿ ತಿರುಗಿಸಿದಾಗಲೂ ಫೋಮ್ ದಪ್ಪವನ್ನು ನಾಲ್ಕೂ ಬದಿಗೆ ಅಳೆದರು. ಕಮ್ಮಿ ಬಿಗಿದರೆ ಸೋರುತ್ತದೆ, ಹೆಚ್ಚು ಬಿಗಿದರೆ ಫೋಮ್ ಸಾಯುತ್ತದೆ, ತಟ್ಟೆ ಬಾಗುತ್ತದೆ. ಒಂದು ಇಂಚು ಅರ್ಧ ಇಂಚಾದಾಗ ‘ಸಾಕು’ ಎಂದರು. ಅವರ ಕೈ ಸ್ವಲ್ಪ ನಡುಗುತ್ತಿತ್ತು, ಅಳತೆ ನಡುಗಲಿಲ್ಲ.

ನಾನು ಅಭ್ಯಾಸಬಲದಿಂದ ಸಿಲಿಕೋನ್ ಗನ್ ಎತ್ತಿಕೊಂಡೆ. ಮೂವರೂ ಒಟ್ಟಿಗೇ ‘ಬೇಡ!’ ಎಂದರು.

ಹೂತಿದ್ದ ಊರುಗಂಬದ ಕೆಳಗೆ ದಪ್ಪ ಹಲಗೆ ಕೊಟ್ಟು, ಜ್ಯಾಕ್ ಎತ್ತಿ ಮಟ್ಟ ಮಾಡಿದೆವು. ಜಾಲರಿಯ ಫಿಲ್ಟರ್ ತೊಳೆದೆವು. ಅದು ಧೂಳಿನಿಂದ ಕಟ್ಟಿದರೂ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ, ಕರಗಿದಾಗ ಸೋರುತ್ತದಂತೆ. ಮತ್ತೆ ಐದು ಗಂಟೆ ಎ.ಸಿ, ಮತ್ತೆ ಹತ್ತು ಬಕೆಟ್ ನೀಲಿ ನೀರು. ಪೇಪರ್ ಒಣಗಿತ್ತು. ಫೋಮ್, ಮರ, ಸ್ಪಿರಿಟ್ ಎಲ್ಲ ಸೇರಿ ಖರ್ಚು ನಾಲ್ಕು ಸಾವಿರ ದಾಟಲಿಲ್ಲ. ಒದ್ದೆಯಾಗಿದ್ದ ಚಾರ್ಜಿಂಗ್ ಪಾಯಿಂಟನ್ನು ಎಲೆಕ್ಟ್ರಿಷಿಯನ್‌ನಿಂದ ಬದಲಾಯಿಸಿ, ಸೋರಿಕೆ ವಿದ್ಯುತ್ತಿಗೆ ತಾನೇ ಕಡಿತಗೊಳ್ಳುವ ಬ್ರೇಕರ್ ಹಾಕಿಸಿದ್ದು ಬೇರೆ ಲೆಕ್ಕ. ಆ ಕುಟುಂಬಕ್ಕೆ ಹಣ ವಾಪಸ್ ಕೊಟ್ಟು, ಏನಾಗಿತ್ತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿದೆವು.

ನಿಮ್ಮ ಚಾವಣಿಯೂ ಸೋರಿದರೆ

ಟ್ರೇಲರ್ ಇರುವವರು ನಮ್ಮಲ್ಲಿ ಕಡಿಮೆ. ಆದರೆ ಮುಂಬೈ, ಚೆನ್ನೈ, ಹೈದರಾಬಾದ್‌ನ ಬಾಡಿಗೆ ಮನೆಗಳಲ್ಲಿ ಎ.ಸಿ ಅಥವಾ ಚಾವಣಿ ಸೋರುವುದು ಬಹಳ ಮಂದಿಗೆ ಗೊತ್ತಿರುವ ಪಾಡು. ಕೆಲವು ಮಾತು ಎಲ್ಲರಿಗೂ ಹೊಂದುತ್ತವೆ.

• ಮೊದಲು ಕರೆಂಟ್ ತೆಗೆಯಿರಿ. ಪ್ಲಗ್ ಕಿತ್ತ ಮೇಲೂ ಎ.ಸಿಯ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಪೆಟ್ಟಿಗೆಯ ಒಳಭಾಗಕ್ಕೆ ನೀವೇ ಕೈ ಹಾಕಬೇಡಿ.

• ಮಳೆ ಇಲ್ಲದ ದಿನ ಸೋರಿದರೆ ಎ.ಸಿಯ ನೀರು, ಎ.ಸಿ ಬಂದ್ ಇದ್ದಾಗ ಸೋರಿದರೆ ಹೊರಗಿನ ನೀರು ಎಂಬ ಅನುಮಾನದಿಂದ ಶುರುಮಾಡಿ. ಎರಡೂ ಇರಬಹುದು. ಒಂದೊಂದಾಗಿ ಪರೀಕ್ಷಿಸಿ.

• ದಾರಿ ತಿಳಿಯದೆ ಸೀಲಂಟ್ ಮೆತ್ತಬೇಡಿ. ನೀರು ಹೊರಹೋಗಲೆಂದೇ ಬಿಟ್ಟ ತೂತು ಯಾವುದು ಎಂದು ಮೊದಲು ತಿಳಿಯಿರಿ.

• ಮಟ್ಟ ನೋಡಿ, ಫಿಲ್ಟರ್ ತೊಳೆಯಿರಿ. ಈ ಎರಡಕ್ಕೆ ದುಡ್ಡು ಬೇಕಿಲ್ಲ.

• ಚಾವಣಿ ಒದ್ದೆ ಇರುವಾಗ ಹತ್ತಬೇಡಿ. ಟ್ರೇಲರ್‌ನ ಚಾವಣಿಯಾದರೆ ಹಲಗೆ ಹಾಸದೆ ಕಾಲಿಡಬೇಡಿ.

ದೀಪಾವಳಿ ವಾರ ಐದು ಕುಟುಂಬಗಳು ಬಂದು ಹೋದವು. ಪುತ್ತೂರಿನ ಗೆಳೆಯನ ಕಂತು ತಪ್ಪಲಿಲ್ಲ. ಜನವರಿಯಲ್ಲಿ ಅವನಿಗೆ ಕೆಲಸವೂ ಸಿಕ್ಕಿತು. ಅಪ್ಪನಿಗೆ ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಕೆಲಸ. ಯಾರ ಮನೆಯಲ್ಲಿ ಸೋರಿದರೂ ಕರೆ ಬರುತ್ತದೆ. ನೀಲಿ ಬಾಟಲಿ ಜೇಬಿಗಿಳಿಸಿ ಲಿಫ್ಟ್ ಹತ್ತುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ನಾನು ಕೇಳುತ್ತೇನೆ, ಅವರು ಬೋಗಿಗಳ ಕತೆ ಹೇಳುತ್ತಾರೆ.

ಈ ವರ್ಷದ ಮೊದಲ ಮಳೆ ಜೂನ್‌ನಲ್ಲಿ ಒಂದು ರಾತ್ರಿ ಬಂತು. ಹನ್ನೊಂದಕ್ಕೆ ಮುಳಶಿಯಿಂದ ಫೋನ್. ಎದೆ ಧಸಕ್ಕೆಂದಿತು. ‘ಜೋರು ಮಳೆ. ಒಳಗೆ ಒಣಗಿದೆ, ಅದನ್ನ ಹೇಳೋಣ ಅಂತ’ ಎಂದ ಗೆಳೆಯ.

ಅಪ್ಪನಿಗೆ ಹೇಳಿದೆ. ಅವರು ಚಾದರ ಸರಿಪಡಿಸಿಕೊಂಡು, ‘ಹಾಸಗಿ ಎತ್ತಿ ಕೆಳಗ ನೋಡ್ಯಾನೇನು, ಕೇಳು’ ಎಂದರು.